ಬುಗುರಿಯ ಮೊಳೆ

ಕಳೆದ ತಿಂಗಳು ಈ ಅಂಕಣದಲ್ಲಿ ಒರಳು-ಒನಕೆಗಳ ವಿಷಯ ಬರೆಯುವಾಗ, ಒನಕೆಯ ಬಾಯಿಗೆ ಕಮ್ಮಾರನು ತೊಡಿಸುವ ಕಬ್ಬಿಣದ ಬಳೆಯನ್ನು ಕುರಿತು ಎರಡು ಮಾತು ಹೇಳಿದ್ದೆ. ಅದನ್ನು ಓದಿದ ಲಿಂಗಸುಗೂರಿನ ಹಿರಿಯರೊಬ್ಬರು ಪತ್ರ ಬರೆದು, ಒನಕೆಯ ಬಳೆಯನ್ನು ವಿವರಿಸಿದ ನೀವು ಬುಗುರಿಯ ಮೊಳೆಯನ್ನೂ ಏಕೆ ವಿವರಿಸಬಾರದು ಎಂದು ಕೇಳಿದ್ದಾರೆ. ಗುರುಗುಂಟಾದ ಅಮರೇಶ್ವರ ಜಾತ್ರೆಯಲ್ಲಿ ಮೊಮ್ಮಗನಿಗೆ ಅವರು ಕೊಡಿಸಿದ ಬುಗುರಿ ಎಂಟು ದಿನವೂ ಬಾಳಲಿಲ್ಲವಂತೆ. ಮೂರನೆಯ ದಿನ ಮೊಳೆ ಅಲುಗಾಡಿತು. ಐದನೆಯ ದಿನ ಕಳಚಿ ಬಿದ್ದು ಮರ ಸೀಳಿತು. ಹುಡುಗನು ಒಂದು ದಿನ ಅತ್ತು, ಮರುದಿನ ಮೊಬೈಲು ಹಿಡಿದು ಕುಳಿತನು. ಅದೇ ವಾರ ಸಿಂಧನೂರಿನ ತಾಯಿಯೊಬ್ಬರ ಪತ್ರವೂ ಬಂದಿತು. ಅಮೆರಿಕದಲ್ಲಿರುವ ಅವರ ಮಗನು ರಜೆಗೆ ಬಂದಾಗ ಅಣ್ಣನ ಮಗುವಿಗೆಂದು ಜಪಾನೀ ಆಟಿಕೆಯೊಂದನ್ನು ತಂದನೆಂದೂ, ಅದರ ಕಟ್ಟಿಗೆಯ ಮೊನೆ ಈಗ ಕುಂಚದ ಹಾಗೆ ಕೆದರಿ ನಿಂತಿದೆಯೆಂದೂ ಅವರು ಬರೆದಿದ್ದಾರೆ. ಆಟಿಕೆಗಳು ಎರಡಾದರೂ ಕೇಡು ತಗುಲಿರುವುದು ಒಂದೇ ಸ್ಥಾನಕ್ಕೆ. ಆದಕಾರಣ ಎರಡಕ್ಕೂ ಕೂಡಿಯೇ ಉತ್ತರ ಬರೆಯುತ್ತಿದ್ದೇನೆ.

ಯಾವುದೇ ಉಪಕರಣದಲ್ಲಿ ಹೆಚ್ಚು ದುಡಿಯುವ ಅಂಗ ಅದರ ತುದಿ. ಕಟ್ಟಿಗೆಯ ನೇಗಿಲಿಗೆ ನಮ್ಮ ರೈತನು ಕಬ್ಬಿಣದ ಕುಳ ಹಾಕಿಸುತ್ತಿದ್ದುದೂ, ಮುಂಗಾರಿಗೆ ಮೊದಲು ಅದನ್ನು ಕಮ್ಮಾರಸಾಲೆಗೆ ಒಯ್ದು ಹಣಿಸಿಕೊಂಡು ಬರುತ್ತಿದ್ದುದೂ ಇದೇ ತಿಳಿವಳಿಕೆಯಿಂದ. ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ನೋಡಲು ಹೋದವರು ಅದರ ಅಕ್ಷರಗಳನ್ನು ನೋಡಿ ಬರುತ್ತಾರೆ. 1915ರಲ್ಲಿ ಪತ್ತೆಯಾದ, ಅಶೋಕನೆಂಬ ಹೆಸರನ್ನೇ ಹೊತ್ತಿರುವ ಆ ಶಾಸನದ ಕೀರ್ತಿ ದೊಡ್ಡದು. ಆದರೆ ಅದನ್ನು ಕೊರೆದವನ ಉಳಿಯನ್ನು ನೆನೆಯುವವರು ವಿರಳ. ಕಲ್ಲು ಕಡಿಯುವವನ ಪಕ್ಕದಲ್ಲಿ ಒಂದು ಸಣ್ಣ ಕುಲುಮೆ ಇರಲೇಬೇಕು; ಮೊಂಡಾದ ಉಳಿಯನ್ನು ಕಾಯಿಸಿ, ಬಡಿದು, ಹದ ಹಾಕಿ ಮತ್ತೆ ಕೈಗೆ ಕೊಡದಿದ್ದರೆ ಕೆಲಸವೇ ಸಾಗುವುದಿಲ್ಲ. ದೊಡ್ಡವರ ಉಪಕರಣಗಳಿಗೆ ಈ ಆರೈಕೆ ಸಲ್ಲುತ್ತದೆ. ಮಕ್ಕಳ ಉಪಕರಣಕ್ಕೆ ಮಾತ್ರ ಸಲ್ಲುವುದಿಲ್ಲ. ಆಟಿಕೆ ಮುರಿದರೆ ಮತ್ತೊಂದು ಕೊಡಿಸಿದರಾಯಿತು ಎಂಬ ಉಪೇಕ್ಷೆ ಈಚೆಗೆ ಎಲ್ಲ ಮನೆಗಳಲ್ಲಿಯೂ ಬೆಳೆದಿದೆ.

ಇನ್ನು ಬುಗುರಿಯ ವಿಷಯಕ್ಕೆ ಬರೋಣ. ನಮ್ಮ ಸೀಮೆಯ ಹುಡುಗರು ಇದನ್ನು ಬಗರಿ ಎನ್ನುತ್ತಾರೆ. ಕಟ್ಟಿಗೆಯ ಉಬ್ಬಿದ ಹೊಟ್ಟೆ, ಕೆಳಗೆ ಚಾಟಿ ಸುತ್ತಲು ಗೀರುಗಳುಳ್ಳ ಇಳಿಜಾರು, ಅದರ ತುದಿಯಲ್ಲಿ ಒಂದು ಮೊಳೆ, ಇಷ್ಟೇ ಅದರ ರಚನೆ. ಹೊಟ್ಟೆಗೆ ಬಣ್ಣವಿದೆ, ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಸೋಮಲಾಪುರದ ಅಂಬಾದೇವಿ ಜಾತ್ರೆಯಲ್ಲಾಗಲಿ, ಮಸ್ಕಿಯ ಮಲ್ಲಿಕಾರ್ಜುನನ ಜಾತ್ರೆಯಲ್ಲಾಗಲಿ ಬುಗುರಿ ಕೊಳ್ಳುವ ತಂದೆ-ತಾಯಂದಿರು ಬಣ್ಣ ನೋಡಿ ಆರಿಸುತ್ತಾರೆಯೇ ಹೊರತು, ತಿರುವಿ ಹಿಡಿದು ಮೊಳೆಯನ್ನು ನೋಡುವುದಿಲ್ಲ. ನೋಡಬೇಕಾದುದು ಅದನ್ನೇ.

ಅಂಗಡಿಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಬುಗುರಿಯ ನೆತ್ತಿಯ ನಡುಬಿಂದುವನ್ನು ಒಂದು ಬೆರಳ ತುದಿಗೂ, ಮೊಳೆಯನ್ನು ಇನ್ನೊಂದು ಕೈಯ ಬೆರಳ ತುದಿಗೂ ಆನಿಸಿ ಹಿಡಿದು, ಇನ್ನೊಬ್ಬರಿಂದ ಮೆಲ್ಲನೆ ತಿರುಗಿಸಿ. ಹೊಟ್ಟೆಯ ಅತ್ಯಂತ ಉಬ್ಬಿದ ಭಾಗದ ಹತ್ತಿರ ಒಂದು ಸೀಮೆಸುಣ್ಣವನ್ನು ಅಲುಗದಂತೆ ಹಿಡಿಯಿರಿ. ಸುತ್ತಲೂ ಸಮನಾಗಿ ಗೆರೆ ಬಿದ್ದರೆ ಮೊಳೆ ನೆಟ್ಟಗಿದೆ. ಒಂದು ಪಕ್ಕಕ್ಕೆ ಮಾತ್ರ ಗೆರೆ ತಾಗಿದರೆ ಮೊಳೆ ಓರೆ. ಅಂತಹ ಬುಗುರಿ ಎಷ್ಟೇ ಜೋರಾಗಿ ಎಸೆದರೂ ಗಡಗಡ ನಡುಗುತ್ತ ಬೇಗ ಮಲಗಿಬಿಡುತ್ತದೆ. ನಡುಗುವ ಪ್ರತಿಯೊಂದು ಸುತ್ತಿನಲ್ಲಿಯೂ ಮೊಳೆಯು ಕಟ್ಟಿಗೆಯನ್ನು ಒಳಗಿನಿಂದ ಅಗಲಿಸುತ್ತ ಹೋಗುತ್ತದೆ. ಲಿಂಗಸುಗೂರಿನ ಹಿರಿಯರ ಮೊಮ್ಮಗನ ಬುಗುರಿಗೆ ಆದುದು ಇದೇ ಇರಬೇಕು. ಮೊಳೆ ಹೊರಗೆ ಚಾಚಿಕೊಂಡಿರುವ ಉದ್ದವೂ ಮುಖ್ಯ. ಅರ್ಧ ಅಂಗುಲಕ್ಕಿಂತ ಹೆಚ್ಚಿದ್ದರೆ ಬುಗುರಿಯ ಭಾರ ನೆಲದಿಂದ ಮೇಲೇರುತ್ತದೆ, ನಿಲ್ಲುವ ಶಕ್ತಿ ಕುಗ್ಗುತ್ತದೆ. ಅಲ್ಲದೆ ಉದ್ದನೆಯ ಮೊಳೆ ಸನ್ನೆಗೋಲಿನಂತೆ ವರ್ತಿಸಿ ತಾನು ನೆಟ್ಟ ಮರವನ್ನೇ ಎಬ್ಬುತ್ತದೆ.

ಕಟ್ಟಿಗೆಯ ಗುಣವನ್ನೂ ಗಮನಿಸಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಮೆದು, ನುಣುಪು. ಅರಗಿನ ಬಣ್ಣ ಅದರ ಮೇಲೆ ಚೆನ್ನಾಗಿ ಕೂಡುತ್ತದೆ. ನಮ್ಮ ನೆರೆಯ ಕಿನ್ನಾಳದ ಗೊಂಬೆಗಳ ಕಟ್ಟಿಗೆ ಇನ್ನೂ ಹಗುರ. ನೋಡಲು, ಮನೆಯೊಳಗೆ ಮೆಲ್ಲನೆ ಆಡಲು ಇವು ಶ್ರೇಷ್ಠ. ನೆಲಕ್ಕೆ ಬೀಸಿ ಹೊಡೆಯುವ ಆಟಕ್ಕೆ ಹೇಳಿದವಲ್ಲ. ಕರಿಜಾಲಿಯದೋ ಹುಣಸೆಯದೋ ಆದ ಬುಗುರಿ ಸಿಕ್ಕರೆ, ಬಣ್ಣವಿಲ್ಲದಿದ್ದರೂ ಅದನ್ನೇ ತೆಗೆದುಕೊಳ್ಳಿ. ಗಟ್ಟಿ ಮರ ಮೊಳೆಯನ್ನು ಬಿಗಿಯಾಗಿ ಹಿಡಿಯುತ್ತದೆ.

ಮೊಳೆ ಕಳಚಿದ ಬುಗುರಿಯನ್ನು ಬಿಸಾಡಬೇಕಾಗಿಲ್ಲ. ಹಳೆಯ ರಂಧ್ರದಲ್ಲಿ ಅದೇ ಮೊಳೆಯನ್ನು ಕಲ್ಲಿನಿಂದ ಹೊಡೆದು ಕೂಡಿಸುವುದು ಮಾತ್ರ ವ್ಯರ್ಥ. ಅದು ಮರುದಿನವೇ ಮತ್ತೆ ಬೀಳುತ್ತದೆ. ಮೊದಲು ರಂಧ್ರವನ್ನು ಶುದ್ಧಗೊಳಿಸಿ, ಬಿದಿರಿನ ಒಂದು ಸಣ್ಣ ಕಡ್ಡಿಯನ್ನು ಫೆವಿಕಾಲ್‌ನಂತಹ ಕಟ್ಟಿಗೆಯ ಅಂಟಿನಲ್ಲಿ ಅದ್ದಿ ಒಳಗೆ ತುಂಬಿ, ಒಂದು ಹಗಲು ಒಂದು ರಾತ್ರಿ ಒಣಗಲು ಬಿಡಿರಿ. ಆಮೇಲೆ ಮೊಳೆಗಿಂತ ತುಸು ಸಣ್ಣದಾದ ರಂಧ್ರವನ್ನು ನಡುವಿನಲ್ಲಿ ಕೊರೆದು ಮೊಳೆಯನ್ನು ಇಳಿಸಬೇಕು. ಇಲ್ಲಿ ನಮ್ಮ ಬಡಿಗರು ಬಲ್ಲ ಒಂದು ಗುಟ್ಟಿದೆ. ಮರದೊಳಗೆ ಹೋಗುವ ಮೊಳೆಯ ಚೂಪನ್ನು ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿ ಮೊಂಡು ಮಾಡಿಕೊಂಡರೆ ಮರ ಸೀಳುವುದಿಲ್ಲ. ಚೂಪಾದ ಮೊಳೆ ಮರದ ನಾರುಗಳ ನಡುವೆ ಬೆಣೆಯಂತೆ ನುಗ್ಗಿ ಅವನ್ನು ಇಬ್ಭಾಗ ಮಾಡುತ್ತದೆ. ಮೊಂಡು ಮೊಳೆ ತನ್ನೆದುರಿನ ನಾರನ್ನು ಜಜ್ಜಿ ತನಗೆ ಬೇಕಾದಷ್ಟೇ ದಾರಿ ಮಾಡಿಕೊಳ್ಳುತ್ತದೆ. ಬುಗುರಿಯ ತುದಿಯಲ್ಲಿ ಮರ ತೆಳುವಾಗಿರುವುದರಿಂದ ಈ ಎಚ್ಚರಿಕೆ ಅಲ್ಲಿ ಅತ್ಯಾವಶ್ಯಕ. ಅನಂತರ ಮೊಳೆಯ ತಲೆಯನ್ನು ಕತ್ತರಿಸಿ ಅರದಿಂದ ತಿಕ್ಕಬೇಕು.

ಹೇಗೆ ತಿಕ್ಕಬೇಕೆಂಬಲ್ಲಿ ಹುಡುಗರಿಗೂ ನನಗೂ ಭಿನ್ನಾಭಿಪ್ರಾಯವಿದೆ. ಮೊಳೆ ಸೂಜಿಯಂತಿದ್ದಷ್ಟೂ ಬುಗುರಿ ಹೆಚ್ಚು ಹೊತ್ತು ತಿರುಗುತ್ತದೆಂದು ಹುಡುಗರೆಲ್ಲರ ದೃಢವಾದ ನಂಬಿಕೆ. ಇದು ಅರ್ಧ ಸತ್ಯ. ತುದಿ ಅಗಲವಾದರೆ ಉಜ್ಜಾಟ ಹೆಚ್ಚಿ ವೇಗ ಬೇಗ ಕುಂದುವುದು ನಿಜ. ಆದರೆ ಕೈಯಿಂದ ಬಿಟ್ಟ ಬುಗುರಿ ಮೊದಲು ವಾಲಿಕೊಂಡೇ ತಿರುಗುತ್ತದೆ, ಆಮೇಲೆ ತಾನಾಗಿ ನೆಟ್ಟಗಾಗುತ್ತದೆ. ಅದನ್ನು ನೆಟ್ಟಗೆ ಎತ್ತುವವರು ಯಾರು? ತುದಿಯ ದುಂಡುತನ. ಮೊಳೆಯ ತುದಿ ಚಿಕ್ಕ ಗುಂಡಿನಂತಿದ್ದರೆ, ವಾಲಿದ ಬುಗುರಿ ನೆಲವನ್ನು ಮುಟ್ಟುವುದು ಆ ಗುಂಡಿನ ನಟ್ಟನಡುವಿನಿಂದಲ್ಲ, ಪಕ್ಕದಿಂದ. ಆ ಪಕ್ಕವು ನೆಲದ ಮೇಲೆ ಜಾರುತ್ತ ಉಜ್ಜುವಾಗ ಹುಟ್ಟುವ ಘರ್ಷಣೆಯೇ ಬುಗುರಿಯ ನೆತ್ತಿಯನ್ನು ಮೇಲಕ್ಕೆ ತರುತ್ತದೆ. ಸೂಜಿಮೊನೆಗೆ ಪಕ್ಕವೆಂಬುದೇ ಇಲ್ಲವಾದ್ದರಿಂದ ಈ ಉಪಕಾರ ಅದಕ್ಕೆ ದೊರೆಯುವುದಿಲ್ಲ. ಮಣ್ಣಿನ ನೆಲದಲ್ಲಾದರೆ ಅದು ಹೂತುಕೊಂಡು ಗುಳಿ ತೋಡುತ್ತದೆ. ಬುಗುರಿ ನಿದ್ದೆ ಹೋಯಿತು ಎಂದು ಹುಡುಗರು ಉಸಿರು ಬಿಗಿಹಿಡಿದು ನೋಡುವ ಆ ನಿಶ್ಚಲತೆ ಇರುವುದು ದುಂಡುತುದಿಯ ಬುಗುರಿಯಲ್ಲಿ.

ಇದು ಬುಗುರಿಗೆ ಮಾತ್ರ ಸಲ್ಲುವ ಮಾತಲ್ಲ. ನಾನು ಓದಿದ ಮಠದ ಓಲೆಗರಿಗಳ ಭಂಡಾರದಲ್ಲಿ ಹಳೆಯ ಕಂಠಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗರಿಯ ಮೇಲೆ ಕೊರೆದು ಬರೆಯುವ ಆ ಕಬ್ಬಿಣದ ಲೇಖನಿಯ ಮೊನೆ ನಾವು ಊಹಿಸುವಷ್ಟು ಚೂಪಾಗಿಲ್ಲ. ಚೂಪಾಗಿದ್ದರೆ ಗರಿ ಹರಿದುಹೋಗುತ್ತಿತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ನಮ್ಮವರೆಲ್ಲ ಬಲ್ಲರು. ಇಂದಿನ ಗಣಿಗಾರಿಕೆಯಲ್ಲಿ ಬಂಡೆ ಕೊರೆಯಲು ಬಳಸುವ ಬೈರಿಗೆಗಳ ಒಂದು ಬಗೆಯಲ್ಲಿ, ಮುಖದ ತುಂಬ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳನ್ನು ಕೂಡಿಸಿರುತ್ತಾರೆ. ಕಲ್ಲನ್ನು ಪುಡಿಮಾಡುವ ಆ ಗುಂಡಿಗಳು ಸಹ ದುಂಡಗಿವೆ. ಸವೆದು ಚಪ್ಪಟೆಯಾದಾಗ ಅವನ್ನು ಮತ್ತೆ ದುಂಡಗೆ ಸಾಣೆ ಹಿಡಿಯುತ್ತಾರೆಯೇ ಹೊರತು ಚೂಪು ಮಾಡುವುದಿಲ್ಲ.

ಹುಡುಗರು ಚೂಪು ಮಾಡುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಅವರು ಹಿರಿಯರಿಗೆ ಹೇಳುವುದಿಲ್ಲ. ಅದು ಗುನ್ನ. ಸೋತವನ ಬುಗುರಿಯನ್ನು ನೆಲದ ಮೇಲಿಟ್ಟು, ಗೆದ್ದವರು ತಮ್ಮ ಬುಗುರಿಯ ಮೊಳೆಯಿಂದ ಅದರ ಮೈಗೆ ಹೊಡೆಯುವ ಪದ್ಧತಿ. ಹೊಡೆತಕ್ಕೊಂದು ಗುಳಿ, ಅದೃಷ್ಟ ಕೆಟ್ಟರೆ ಬುಗುರಿ ಎರಡು ಹೋಳು. ಈ ಪದ್ಧತಿಯೇ ಆಟದ ಜೀವವೆಂದು ವಾದಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬಡವರ ಮನೆಯ ಹುಡುಗನಿಗೆ ಇರುವುದು ಒಂದೇ ಬುಗುರಿ, ಅದು ಸೀಳಿದ ದಿನವೇ ಅವನು ಆಟದಿಂದ ಹೊರಗೆ. ಹುಡುಗರು ಗುನ್ನ ಆಡಲೇಬೇಕೆಂದಿದ್ದರೆ, ಅದಕ್ಕಾಗಿಯೇ ಒಂದು ಹಳೆಯ ಕಟ್ಟಿಗೆಯ ತುಂಡನ್ನು ವೃತ್ತದ ನಡುವೆ ಇಟ್ಟು ಹೊಡೆಯುವಂತೆ ಹಿರಿಯರು ಹೇಳಬಹುದು. ಗುರಿಯೂ ಕಲಿತಂತಾಯಿತು, ಯಾರ ಬುಗುರಿಯೂ ಹೋಗಲಿಲ್ಲ.

ಆಡುವ ನೆಲದ ಮಾತು. ನಮ್ಮ ಎರೆಯ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟುತ್ತದೆ. ಎರಡು ಕಾಲದಲ್ಲಿಯೂ ಬುಗುರಿಗೆ ಪ್ರಯೋಜನವಿಲ್ಲ. ಈಗಿನ ಸಿಮೆಂಟಿನ ಅಂಗಳ, ಕಾಂಕ್ರೀಟಿನ ಓಣಿಗಳು ಮೊಳೆಯನ್ನು ಅರದಂತೆ ಸವೆಯಿಸುತ್ತವೆ. ಬುಗುರಿ ಓರೆಯಾಗಿ ಬಿದ್ದರಂತೂ ಪೆಟ್ಟು ನೇರವಾಗಿ ಮೊಳೆಯ ಬುಡಕ್ಕೇ. ಗರಸು ಹಾಕಿ ಧಮ್ಮಸ್ಸು ಮಾಡಿದ ಗಟ್ಟಿ ನೆಲವೇ ಉತ್ತಮ. ಮನೆಯ ಮುಂದೆ ನಾಲ್ಕು ಮೊಳ ಅಂತಹ ಜಾಗವನ್ನು ಸಿಮೆಂಟು ಹಾಕದೆ ಉಳಿಸಿದರೆ ಮಳೆಯ ನೀರು ಇಂಗುವುದಕ್ಕೂ ಆಯಿತು.

ಇನ್ನು ಋತುಮಾನ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಆ ಬಿಸಿಲಿಗೆ ಕಟ್ಟಿಗೆಯಲ್ಲಿರುವ ಪಸೆ ಆರಿ ಮರ ಕುಗ್ಗುತ್ತದೆ. ಕಬ್ಬಿಣ ಹಾಗೆ ಕುಗ್ಗುವುದಿಲ್ಲ. ಆದ್ದರಿಂದ ಮೊಳೆಯ ಸುತ್ತ ಕೂದಲೆಳೆಯಷ್ಟು ಸೀಳುಗಳು ಕಾಣಿಸುತ್ತವೆ. ಮುಂದೆ ಮಳೆ ಬಿದ್ದು, ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರಿನ ಸುತ್ತ ಗದ್ದೆಗಳು ತುಂಬಿದಾಗ ಅದೇ ಮರ ಪಸೆ ಹೀರಿ ಹಿಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಬುಗುರಿಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ ಬಿಗಿ ಮಾಡುವ ಉಪಾಯ ಕೆಲವರದು. ಅದು ಒಂದು ದಿನದ ಬಿಗಿ. ಒಣಗಿದ ಮೇಲೆ ಸೀಳು ಮೊದಲಿಗಿಂತ ದೊಡ್ಡದಾಗಿರುತ್ತದೆ, ಮೊಳೆಗೆ ತುಕ್ಕು ಬೇರೆ.

ಎಣ್ಣೆಯೇ ಸರಿಯಾದ ಉಪಾಯ, ಆದರೆ ಯಾವ ಎಣ್ಣೆ ಎಂಬುದು ಪ್ರಶ್ನೆ. ಮನೆಯಲ್ಲಿ ಎದುರಿಗಿರುವುದು ಶೇಂಗಾ ಎಣ್ಣೆ. ಅದು ಎಂದೂ ಒಣಗುವುದಿಲ್ಲ. ಜಿಡ್ಡಾಗಿ ಉಳಿದು ಧೂಳು ಹಿಡಿದು ಕಮಟು ವಾಸನೆ ಹೊಡೆಯುತ್ತದೆ, ಚಾಟಿಯೂ ಜಾರುತ್ತದೆ. ಚಟ್ನಿಗೆಂದು ನಮ್ಮ ತಾಯಂದಿರು ಹುರಿದು ಕುಟ್ಟುವ ಅಗಸಿಯ ಎಣ್ಣೆ ಇದಕ್ಕೆ ಹೇಳಿಮಾಡಿಸಿದ್ದು. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಅದು ಗಟ್ಟಿಯಾದ ತೆಳುಪೊರೆಯಾಗಿ ನಿಲ್ಲುತ್ತದೆ. ಬೇಸಿಗೆ ಕಾಲಿಡುವ ಮೊದಲು ಬುಗುರಿಯ ತುದಿಗೂ ಮೊಳೆಯ ಬುಡಕ್ಕೂ ಒಂದೆರಡು ತೊಟ್ಟು ಸವರಿ, ಕಾಲು ಗಂಟೆ ಬಿಟ್ಟು ಮಿಕ್ಕದ್ದನ್ನು ಒರೆಸಿ, ನಾಲ್ಕಾರು ದಿನ ನೆರಳಿನಲ್ಲಿ ಒಣಗಿಸಿ. ಒಂದು ಎಚ್ಚರಿಕೆಯನ್ನು ಮಾತ್ರ ತಪ್ಪದೆ ಪಾಲಿಸಬೇಕು. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

ಮೊಳೆಯ ತುಕ್ಕನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ಸಾಕು. ಆದರೆ ತುಕ್ಕಿನ ಮಾತು ಬಂದಾಗ ನಮ್ಮ ಮನೆಗಳಲ್ಲಿರುವ ಒಂದು ಭ್ರಮೆಯನ್ನು ಹೇಳಿಯೇ ಮುಂದಕ್ಕೆ ಹೋಗಬೇಕು. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು, ಹೊಳೆಯುವ ಮೊಳೆ ಚುಚ್ಚಿದರೆ ಭಯವಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಧನುರ್ವಾಯುವಿನ ರೋಗಾಣುಗಳು ಇರುವುದು ತುಕ್ಕಿನಲ್ಲಲ್ಲ, ಮಣ್ಣಿನಲ್ಲಿ, ದನಕರುಗಳ ಸಗಣಿಯಲ್ಲಿ. ದಿನವೂ ಮಣ್ಣಿನಲ್ಲಿ ಆಡುವ ಬುಗುರಿಯ ಮೊಳೆ ಎಷ್ಟು ಹೊಳೆದರೂ ಅದರ ಮೈಗೆ ಮಣ್ಣು ಅಂಟಿಯೇ ಇರುತ್ತದೆ. ಗಾಯ ಚಿಕ್ಕದಾಗಿ ಆಳವಾಗಿದ್ದರೆ ಆ ರೋಗಾಣುವಿಗೆ ಅದೇ ಅನುಕೂಲ. ಅರಿಶಿನ ಒತ್ತಿ ಬಟ್ಟೆ ಕಟ್ಟಿ ಕೂರುವುದು ಬೇಡ. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮಗುವಿಗೆ 10 ಹಾಗೂ 16ನೆಯ ವಯಸ್ಸಿನಲ್ಲಿ ಸರ್ಕಾರವೇ ಹಾಕಿಸುವ ಟಿ.ಡಿ. ಲಸಿಕೆ ಆಗಿದೆಯೇ ಎಂದು ಕಾರ್ಡು ನೋಡಿಕೊಳ್ಳಿ. ಈ ಎರಡು ವಯಸ್ಸಿನ ನಡುವಿನ ಮಕ್ಕಳೇ ಬುಗುರಿಯನ್ನು ಹೆಚ್ಚಾಗಿ ಆಡುವವರು. ಕಣ್ಣಿನ ವಿಷಯದಲ್ಲಂತೂ ಸೂಜಿಮೊನೆಗೂ ದುಂಡುತುದಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಟಿ ಬೀಸುವವನಿಂದ ಚಿಕ್ಕ ಮಕ್ಕಳು ಎರಡು ಮಾರು ದೂರ ನಿಲ್ಲಲಿ.

ಈಗ ಸಿಂಧನೂರಿನ ತಾಯಿಯವರ ಪ್ರಶ್ನೆ. ಆ ಆಟಿಕೆಯ ಹೆಸರು ಕೆಂಡಾಮಾ. ಹೆಸರು ಕೇಳಿದೊಡನೆ ನಮ್ಮ ಕಿವಿಗೆ ಕೆಂಡ ನೆನಪಾಗುವುದು ಸಹಜ. ಜಪಾನೀ ಭಾಷೆಯಲ್ಲಿ ಕೆನ್ ಎಂದರೆ ಖಡ್ಗ, ತಮ ಎಂದರೆ ಗುಂಡು. ಕಟ್ಟಿಗೆಯ ಒಂದು ಹಿಡಿ, ಅದರ ಎರಡು ಪಕ್ಕಗಳಲ್ಲಿಯೂ ಬುಡದಲ್ಲಿಯೂ ಒಂದೊಂದು ಬಟ್ಟಲು, ಮೇಲೆ ಒಂದು ಮೊನೆ. ದಾರದಿಂದ ಕಟ್ಟಿದ, ರಂಧ್ರವುಳ್ಳ ಒಂದು ಗುಂಡು. ಗುಂಡನ್ನು ಎಗರಿಸಿ ಬಟ್ಟಲಿನಲ್ಲಿ ಹಿಡಿಯುವುದು ಸುಲಭ, ಮೊನೆಯ ಮೇಲೆ ಹಿಡಿಯುವುದು ಕಷ್ಟ. ಇಂದಿನ ರೂಪದ ಕೆಂಡಾಮಾ ಹಿರೋಷಿಮಾ ಪ್ರಾಂತದ ಹತ್ಸುಕೈಚಿ ಎಂಬ ಊರಿನಲ್ಲಿ 1921ರಿಂದ ತಯಾರಾಗತೊಡಗಿತು. 2014ರಿಂದ ಅದೇ ಊರಿನಲ್ಲಿ ಅದರ ವಿಶ್ವಕಪ್ ಪಂದ್ಯವೂ ನಡೆಯುತ್ತಿದೆ. ಚನ್ನಪಟ್ಟಣದಂತೆ ಅದೂ ಮರಗೆಲಸದ ಊರು.

ಬುಗುರಿಯ ತುದಿಗೆ ಕಬ್ಬಿಣದ ರಕ್ಷೆಯುಂಟು. ಕೆಂಡಾಮಾದ ಮೊನೆ ಬರಿಯ ಕಟ್ಟಿಗೆ. ಗುಂಡಿನ ರಂಧ್ರದ ಅಂಚು ಪ್ರತಿ ಸಲವೂ ಅದಕ್ಕೆ ಬಡಿಯುತ್ತದೆ. ಮರದ ನಾರುಗಳು ಮೊನೆಯ ಕಡೆಗೆ ಉದ್ದಕ್ಕೆ ಹರಿದಿರುವುದರಿಂದ, ತುದಿಯಲ್ಲಿ ಅವು ಬಿಚ್ಚಿಕೊಂಡು ಬೇವಿನ ಕಡ್ಡಿಯನ್ನು ಅಗಿದಂತೆ ಕೆದರುತ್ತವೆ. ಕೆದರಿದ ತುದಿಯನ್ನು ಚಾಕುವಿನಿಂದ ಹೆರೆಯಬೇಡಿ, ಅಲಗು ನಾರಿನೊಂದಿಗೆ ಜಾರಿ ಬೇಕಾದ ಮರವನ್ನೂ ಎಬ್ಬಿಸುತ್ತದೆ. 220ನೆಯ ಸಂಖ್ಯೆಯ ಉಪ್ಪುಕಾಗದವನ್ನು ಅಂಗೈಯಲ್ಲಿ ಹಿಡಿದು, ಮೊನೆಯನ್ನು ಅದರಲ್ಲಿ ತಿರುಗಿಸುತ್ತ, ಅಗಲದ ಕಡೆಯಿಂದ ತುದಿಯ ಕಡೆಗೆ ಎಳೆಯಿರಿ. ಅನಂತರ 400ನೆಯ ಸಂಖ್ಯೆಯ ಕಾಗದದಿಂದ ನಯ ಮಾಡಿ. ಇಲ್ಲಿಯೂ ತುದಿ ಸ್ವಲ್ಪ ದುಂಡಗೆ ಉಳಿಯಲಿ. ಸೂಜಿಯಂತೆ ಮಾಡಿದ ಕಟ್ಟಿಗೆಯ ಮೊನೆ ಮೊದಲನೆಯ ಪೆಟ್ಟಿಗೇ ಚಕ್ಕೆ ಹಾರುತ್ತದೆ.

ನಾರು ಮತ್ತೆ ಬಿಚ್ಚದಂತೆ ತೆಳುವಾದ ಸೂಪರ್ ಗ್ಲೂವಿನ ಒಂದು ತೊಟ್ಟನ್ನು ತುದಿಗೆ ಹೀರಿಸುವ ಪದ್ಧತಿ ಆಡುವವರಲ್ಲಿದೆ. ಒಳ್ಳೆಯ ಉಪಾಯವೇ. ಆದರೆ ಅದನ್ನು ದೊಡ್ಡವರು ಮಾಡಬೇಕು, ಕಿಟಕಿ ತೆರೆದಿರಬೇಕು, ಹತ್ತಿಯ ಬಟ್ಟೆಯಿಂದ ಒರೆಸಬಾರದು. ಹತ್ತಿಗೆ ಈ ಅಂಟು ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಮತ್ತೊಮ್ಮೆ ನಯವಾದ ಕಾಗದ ಆಡಿಸಿದರೆ ಸಾಕು. ಮೊನೆಯೊಂದಿಗೆ ಗುಂಡಿನ ರಂಧ್ರದ ಅಂಚನ್ನೂ ಬೆರಳಾಡಿಸಿ ನೋಡಿರಿ. ಅಂಚು ಒಡೆದು ಗರಗಸದಂತಾಗಿದ್ದರೆ ಮೊನೆಗೆ ಎಷ್ಟು ಉಪಚಾರ ಮಾಡಿದರೂ ಅದು ಮತ್ತೆ ಕೆಡುತ್ತದೆ.

ಆಡುವಾಗ ಕೆಳಗೆ ಒಂದು ಜಮಖಾನ ಹಾಸಿದರೆ ಮೊನೆಯ ಅರ್ಧ ಆಯುಷ್ಯ ಉಳಿಯಿತು. ಕಲಿಯುವವರ ಕೈಯಿಂದ ಕೆಂಡಾಮಾ ಬೀಳುವುದು ಹೆಚ್ಚಾಗಿ ಶಹಾಬಾದಿ ಪರಸಿಯ ಮೇಲೆ. ಆಟ ಮುಗಿದಾಗ ಗುಂಡನ್ನು ಮೊನೆಯ ಮೇಲೆ ಕೂಡಿಸಿ ದಾರ ಸುತ್ತಿಡುವುದು ಜಪಾನೀ ಮಕ್ಕಳ ರೂಢಿ. ಗುಂಡೇ ಮೊನೆಗೆ ಟೊಪ್ಪಿಗೆಯಾಗುತ್ತದೆ, ಬೇರೆ ಒರೆ ಬೇಡ. ಮಳೆಗಾಲದಲ್ಲಿ ಮಾತ್ರ ಅದನ್ನು ಒತ್ತಿ ಕೂಡಿಸಬಾರದು. ಮರ ಹಿಗ್ಗಿ ಗುಂಡು ಕಚ್ಚಿಕೊಂಡು, ಬಿಡಿಸುವ ಭರದಲ್ಲಿ ತುದಿ ಮುರಿದೀತು. ಕಾರಿನ ಗಾಜಿನ ಹಿಂದೆ, ಬಿಸಿಲಿನ ಮಾಳಿಗೆಯ ಮೇಲೆ ಇಡುವುದೂ ಬೇಡ.

ಪತ್ರ ಬರೆದ ತಾಯಿಯವರು, ತುದಿ ಮುರಿದೇಹೋದರೆ ಏನು ಮಾಡಬೇಕೆಂದೂ ಕೇಳಿದ್ದಾರೆ. ಜೋಳದ ಕಾಳಿನಷ್ಟು ಹೋಗಿದ್ದರೆ ಚಿಂತೆಯಿಲ್ಲ, ಉಳಿದದ್ದನ್ನೇ ದುಂಡಗೆ ತಿಕ್ಕಿದರೆ ಗುಂಡು ಮೊದಲಿನಂತೆ ಕೂರುತ್ತದೆ. ಉಗುರಿನಷ್ಟು ಮುರಿದಿದ್ದರೆ ಅಂಟಿಸುವ ಪ್ರಯತ್ನ ಬೇಡ, ಅಂಟಿಸಿದ ತುಂಡು ಆಡುವಾಗ ಹಾರಿ ಕಣ್ಣಿಗೆ ಬಡಿಯಬಹುದು. ಹಿಡಿಯನ್ನು ಮಾತ್ರ ಬೇರೆಯಾಗಿ ಮಾರುತ್ತಾರೆ, ಗುಂಡನ್ನು ಹಳೆಯದನ್ನೇ ಇಟ್ಟುಕೊಳ್ಳಬಹುದು. ಅಮೆರಿಕದಿಂದ ತರಿಸುವಷ್ಟು ಸಮಯವಿಲ್ಲದಿದ್ದರೆ, ತಿರುಗಣೆ ಇರುವ ಬಡಿಗರೊಬ್ಬರಿಗೆ ಹಳೆಯ ಹಿಡಿಯನ್ನೇ ಮಾದರಿಯಾಗಿ ಕೊಟ್ಟು ನೋಡಿ. ಬುಗುರಿ ತಿರುವುವ ಕೈಗೆ ಇದು ಅಸಾಧ್ಯವಾದುದಲ್ಲ. ಮೊನೆಯ ಕಡೆಗೆ ಗಂಟಿಲ್ಲದ, ನಾರು ನೆಟ್ಟಗಿರುವ ತುಂಡನ್ನೇ ಆರಿಸುವಂತೆ ಅವರಿಗೆ ಮೊದಲೇ ಹೇಳಿರಿ.